ಅಣ್ಣನ ಮಗಳು ಯಾವ ದೇಶದ ಪರ ಸ್ಕೇಟ್ ಮಾಡಬೇಕು?

ಪ್ರಶ್ನೆ: ನನ್ನ ಅಣ್ಣ, ಅತ್ತಿಗೆ ದುಬೈಯಲ್ಲಿದ್ದಾರೆ. ಮಗಳು 2014ರಲ್ಲಿ ಅಲ್ಲೇ ಹುಟ್ಟಿದವಳು, ಪಾಸ್‌ಪೋರ್ಟ್ ಭಾರತದ್ದು. ಸಣ್ಣವಳಿದ್ದಾಗ ಮಾಲಿನ ಐಸ್ ರಿಂಕಿಗೆ ಆಟಕ್ಕೆಂದು ಹೋದವಳಿಗೆ ಈಗ ಫಿಗರ್ ಸ್ಕೇಟಿಂಗ್ ಬಿಟ್ಟರೆ ಬೇರೆ ಮಾತೇ ಇಲ್ಲ. ಕ್ಲಬ್ ಸ್ಪರ್ಧೆಗಳಲ್ಲಿ ಗೆಲ್ಲುತ್ತಾಳೆ. ಅತ್ತಿಗೆಯ ತಮ್ಮ ಕೆನಡಾದಲ್ಲಿದ್ದಾನೆ. ಎಲ್ಲರೂ ಅಲ್ಲಿಗೆ ಬಂದು ನೆಲೆಸಿ, ಅಲ್ಲಿನ ಪೌರತ್ವ ತೆಗೆದುಕೊಂಡು ಆ ದೇಶದ ಪರ ಆಡಿಸಿ, ಭಾರತದ ಹೆಸರಲ್ಲಿ ಆಡಿದರೆ ಎಲ್ಲಿಗೂ ತಲುಪುವುದಿಲ್ಲ ಅಂತ ಅವನ ಒತ್ತಾಯ. ಇಲ್ಲಿ ಊರಿನಲ್ಲಿ ನಮ್ಮ ಅಪ್ಪನಿಗೆ ಇದನ್ನು ಕೇಳಿಯೇ ಸಿಟ್ಟು. ಬೇರೆ ದೇಶದ ಬಾವುಟ ಹಿಡಿಯುವುದಾದರೆ ಮೊಮ್ಮಗಳು ಆಡುವುದೇ ಬೇಡ ಅಂತಾರೆ. ಎರಡೂ ಕಡೆಯ ಫೋನ್ ಬರುವುದು ನನಗೆ. ಹೀಗೆ ದೇಶ ಬದಲಿಸಿದವರು ಇದ್ದಾರಾ? ಅವರಿಗೆ ಆಮೇಲೆ ಎಂತ ಆಯಿತು?
– ಸೋದರತ್ತೆ, ನೀರ್ಚಾಲು

ಉತ್ತರ: ಇದ್ದಾರೆ, ತುಂಬಾ ಜನ ಇದ್ದಾರೆ. ಫಿಗರ್ ಸ್ಕೇಟಿಂಗ್‌ನಷ್ಟು ದೇಶ ಬದಲಾವಣೆ ನಡೆಯುವ ಆಟಗಳು ಕಡಿಮೆಯೇ. ಮೊದಲು ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ನಿಮ್ಮ ಮನೆಯ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಉಂಟು.

2016ರ ಡಿಸೆಂಬರ್. ಫ್ರಾನ್ಸಿನ ಮಾರ್ಸೇಯಲ್ಲಿ ಜೂನಿಯರ್ ಗ್ರ್ಯಾಂಡ್ ಪ್ರಿ ಫೈನಲ್. ಮೂರು ಹುಡುಗಿಯರು ಪದಕ ಗೆದ್ದರು. ಮೊದಲನೆಯವಳು ರಷ್ಯಾದ ಅಲೀನಾ ಜಗಿತೋವಾ, ಒಂದೂ ಚಿಲ್ಲರೆ ವರ್ಷದಲ್ಲಿ ಅವಳು ಒಲಿಂಪಿಕ್ ಚಾಂಪಿಯನ್. ಮೂರನೆಯವಳು ಜಪಾನಿನ ಕಾವೊರಿ ಸಕಾಮೊಟೊ, 2022ರಿಂದ ಸತತ ಮೂರು ಸಲ ವಿಶ್ವ ಚಾಂಪಿಯನ್. ನಡುವೆ ಬೆಳ್ಳಿ ಗೆದ್ದವಳು ರಷ್ಯಾದ ಅನಸ್ತಾಸಿಯಾ ಗುಬಾನೊವಾ, ಆಗಷ್ಟೇ ಅವಳಿಗೆ 14 ತುಂಬಿತ್ತು. ಸಕಾಮೊಟೊಗಿಂತ ಮುಂದೆ ನಿಂತ ಆ ಹುಡುಗಿಗೆ ತನ್ನದೇ ದೇಶದ ಸೀನಿಯರ್ ತಂಡದಲ್ಲಿ ಜಾಗ ಸಿಗಲಿಲ್ಲ. ಅವಳು ಆಟ ಮರೆತಳು ಅಂತಲ್ಲ. ಒಂದು ವಿಭಾಗದಲ್ಲಿ ಒಂದು ದೇಶದಿಂದ ವಿಶ್ವ ಚಾಂಪಿಯನ್‌ಶಿಪ್‌ಗಾಗಲಿ ಒಲಿಂಪಿಕ್ಸ್‌ಗಾಗಲಿ ಹೆಚ್ಚೆಂದರೆ ಮೂವರು ಮಾತ್ರ ಹೋಗಬಹುದು. ರಷ್ಯಾದಲ್ಲಿ ಆಗ ವರ್ಷಕ್ಕೊಬ್ಬರಂತೆ ಹೊಸ ಹುಡುಗಿಯರು ಬರುತ್ತಿದ್ದರು, ನಾಲ್ಕು ಸುತ್ತಿನ ಜಂಪ್ ಹಾಕುವವರೂ ಬಂದರು. ಜಗತ್ತಿನ ಹತ್ತನೇ ಒಳ್ಳೆಯ ಸ್ಕೇಟರ್ ಆಗಿದ್ದರೂ ರಷ್ಯಾದಲ್ಲಿ ನಾಲ್ಕನೆಯವಳಾದರೆ ಮನೆಯಲ್ಲೇ ಕೂರಬೇಕು. ನನಗೆ ಇದು ಈ ಆಟದ ಅತಿ ಕ್ರೂರ ಲೆಕ್ಕ ಅನ್ನಿಸುತ್ತದೆ.

2021ರಲ್ಲಿ ಅವಳು ಜಾರ್ಜಿಯಾದ ಪರ ಆಡಲು ಶುರು ಮಾಡಿದಳು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 11ನೇ ಸ್ಥಾನ. 2023ರ ಜನವರಿಯಲ್ಲಿ ಫಿನ್ಲೆಂಡಿನ ಎಸ್ಪೋದಲ್ಲಿ ಯುರೋಪಿಯನ್ ಚಾಂಪಿಯನ್. ಜಾರ್ಜಿಯಾಕ್ಕೆ ಫಿಗರ್ ಸ್ಕೇಟಿಂಗ್‌ನಲ್ಲಿ ಯುರೋಪಿನ ಚಿನ್ನ ಬಂದದ್ದು ಅದೇ ಮೊದಲು. ಮುಂದಿನ ಎರಡು ವರ್ಷವೂ ಬೆಳ್ಳಿ. ರಷ್ಯಾದಲ್ಲೇ ಇದ್ದಿದ್ದರೆ ಅವಳ ಹೆಸರು ನಾನು ನೀವು ಕೇಳುತ್ತಿರಲಿಲ್ಲ. ಹಾಗಾಗಿ ನಿಮ್ಮ ಅಪ್ಪನಿಗೆ ನಾನು ಗೌರವದಿಂದಲೇ ಹೇಳುವುದು: ದೇಶ ಬದಲಿಸುವುದೆಲ್ಲ ದ್ರೋಹ ಅಂತ ತಿಳಿಯಬೇಡಿ. ಹತ್ತು ವರ್ಷ ಬೆಳಗ್ಗೆ ನಾಲ್ಕಕ್ಕೆ ಎದ್ದು ಅಭ್ಯಾಸ ಮಾಡಿದ ಮಗು ಆಡಬೇಕು ಅಂತ ಆಸೆಪಡುವುದು ತಪ್ಪಲ್ಲ.

ಈಗ ಅತ್ತಿಗೆಯ ತಮ್ಮನ ಮಾತಿಗೆ ಬರೋಣ. ಗುಬಾನೊವಾ ಹೋದದ್ದು ಯಾವ ಕಡೆಗೆ ಅಂತ ನೋಡಿ. ಜನ ತುಂಬಿದ ದೇಶದಿಂದ ಜನ ಕಡಿಮೆ ಇರುವ ದೇಶಕ್ಕೆ. ದೇಶ ಬದಲಿಸುವ ಹೆಚ್ಚಿನ ಸ್ಕೇಟರ್‌ಗಳು ಹೀಗೆಯೇ ಮಾಡುವುದು. ನಿಮ್ಮವರು ಯೋಚಿಸುತ್ತಿರುವುದು ಅದರ ಉಲ್ಟಾ. ಕೆನಡಾದಲ್ಲಿ ಸಣ್ಣ ಊರಿಗೂ ರಿಂಕ್ ಉಂಟು, ಸ್ಕೇಟ್ ಮಾಡುವ ಹುಡುಗಿಯರು ಸಾವಿರಾರು, ವಿಶ್ವ ಚಾಂಪಿಯನ್‌ಶಿಪ್‌ನ ಜಾಗ ಹೆಚ್ಚೆಂದರೆ ಮೂರು. ಭಾರತದಲ್ಲಿ ಫಿಗರ್ ಸ್ಕೇಟಿಂಗ್‌ನಿಂದ ಇದುವರೆಗೆ ಯಾರೂ ಒಲಿಂಪಿಕ್ಸ್‌ಗೆ ಹೋದದ್ದೇ ಇಲ್ಲ. ಅಂದರೆ ಬೇರೆಯವರು ಹುಡುಕಿಕೊಂಡು ಹೋಗುವಂಥ ಪಾಸ್‌ಪೋರ್ಟ್ ನಿಮ್ಮ ಸೊಸೆಯ ಕೈಯಲ್ಲಿ ಹುಟ್ಟಿನಿಂದಲೇ ಇದೆ. ತಾರಾ ಪ್ರಸಾದ್ ಅಂತ ಒಬ್ಬ ಸ್ಕೇಟರ್ ಇದ್ದಾರೆ. ಅಮೆರಿಕದಲ್ಲಿ ಹುಟ್ಟಿದವರು, 2019ರಲ್ಲಿ ಭಾರತದ ಪೌರತ್ವ ತೆಗೆದುಕೊಂಡು ನಮ್ಮ ರಾಷ್ಟ್ರೀಯ ಚಾಂಪಿಯನ್ ಆದರು. ಅವರು ಅಮೆರಿಕ ಬಿಟ್ಟು ಇತ್ತ ಬಂದಿರುವಾಗ ನೀವು ಇಲ್ಲಿಂದ ಅತ್ತ ಓಡುವ ಮೊದಲು ಸ್ವಲ್ಪ ಯೋಚಿಸಬೇಕು ಅಲ್ವಾ?

ಇನ್ನೊಂದು ವಿಷಯ ಮನೆಯವರೆಲ್ಲ ಕೂತು ಮಾತಾಡುವಾಗ ಖಂಡಿತ ಹೇಳಿ. ತರಬೇತಿ ಬೇರೆ, ಬಾವುಟ ಬೇರೆ. ದಕ್ಷಿಣ ಕೊರಿಯಾದ ಕಿಮ್ ಯುನಾ 2010ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಾಗ ಅವಳ ಅಭ್ಯಾಸ ಕೆನಡಾದ ಟೊರಾಂಟೊದಲ್ಲಿ, ಬ್ರಯಾನ್ ಓರ್ಸರ್ ಹತ್ತಿರ. ಜಪಾನಿನ ಯುಜುರು ಹನ್ಯು 2014 ಮತ್ತು 2018ರಲ್ಲಿ ಎರಡು ಚಿನ್ನ ಗೆದ್ದದ್ದೂ ಅದೇ ಕೋಚ್ ಹತ್ತಿರ ಕಲಿತು. ಇಬ್ಬರೂ ಕೆನಡಾದ ಐಸ್ ಮೇಲೆ ಬೆವರು ಸುರಿಸಿದರು, ತಮ್ಮ ದೇಶದ ಬಾವುಟವೇ ಏರಿಸಿದರು. ಬೇಸಿಗೆ ರಜೆಯಲ್ಲಿ ಮಗುವನ್ನು ಮಾವನ ಮನೆಗೆ ಕಳಿಸಿ ಅಲ್ಲಿ ತರಬೇತಿ ಕೊಡಿಸಲಿ, ಯಾರು ಬೇಡ ಅಂದರು? ಅದಕ್ಕೆ ಪೌರತ್ವ ಬೇಕಾಗಿಲ್ಲ.

ಪೌರತ್ವದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಜಾಸ್ತಿ. ಕೆನಡಾದಲ್ಲಿ ಮೊದಲು ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ, ಸಿಗಬೇಕು. ಆಮೇಲೆ ಅಪ್ಪ ಅಮ್ಮ ಐದು ವರ್ಷದ ಅವಧಿಯಲ್ಲಿ 1,095 ದಿನ ಅಲ್ಲೇ ಇದ್ದಿರಬೇಕು. ಆಮೇಲೆ ಅರ್ಜಿ, ಕಾಯುವುದು. ಅಷ್ಟರಲ್ಲಿ ಹುಡುಗಿಗೆ ಹದಿನಾರೋ ಹದಿನೇಳೋ ಆಗಿರುತ್ತದೆ. ನಮ್ಮ 1955ರ ಪೌರತ್ವ ಕಾಯ್ದೆಯ ಪ್ರಕಾರ ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರರಾದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ, ಆದರೆ ಅದು ಪೌರತ್ವವಲ್ಲ. ಮತ ಹಾಕುವಂತಿಲ್ಲ. ಕೃಷಿ ಭೂಮಿ, ತೋಟ ಕೊಂಡುಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೇ. ನೀರ್ಚಾಲಿನವರಿಗೆ ಅಡಿಕೆ ತೋಟದ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ, ಒಸಿಐ ಕಾರ್ಡ್ ಇದ್ದವರು ಭಾರತದ ಪರ ಆಡುವಂತಿಲ್ಲ ಅಂತ ಕೇಂದ್ರ ಸರ್ಕಾರ 2008ರಲ್ಲೇ ತೀರ್ಮಾನ ಮಾಡಿದೆ. ಕೆನಡಾ ತಂಡದಲ್ಲಿ ಜಾಗ ಸಿಗದೆ ಹೋದರೆ ವಾಪಸ್ ಬಂದು ಭಾರತದ ಪರ ಆಡೋಣ ಅಂದರೆ, ಆ ಹೊಸ ಪಾಸ್‌ಪೋರ್ಟನ್ನು ಬಿಟ್ಟುಕೊಟ್ಟು ಇಲ್ಲಿನ ಪೌರತ್ವ ಮತ್ತೆ ಪಡೆಯಬೇಕು.

ಜಪಾನಿನ ಕಾನೂನೂ ಇಂಥದ್ದೇ. ಯೂಕೊ ಕವಗುತಿ ಅನ್ನುವ ಹುಡುಗಿ ನಗಾನೊ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಜೋಡಿಯ ಆಟ ನೋಡಿ, ಅವರ ಕೋಚ್ ತಮಾರಾ ಮೊಸ್ಕ್ವಿನಾ ಅವರಿಗೇ ಬರೆದು ಕಲಿಸಿ ಅಂತ ಕೇಳಿಕೊಂಡಳು. ಕೋಚ್ ಹಿಂದೆ ಅಮೆರಿಕಕ್ಕೆ ಹೋದಳು, ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಳು, ರಷ್ಯನ್ ಕಲಿತಳು. ಅಲೆಕ್ಸಾಂಡರ್ ಸ್ಮಿರ್ನೋವ್ ಜೊತೆ ಆಡಲು 2009ರಲ್ಲಿ ಜಪಾನಿನ ಪೌರತ್ವವನ್ನೇ ಬಿಟ್ಟಳು. 2010ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಪದಕಕ್ಕೆ ಒಂದೇ ಮೆಟ್ಟಿಲು ಕಮ್ಮಿ. 2014ರ ಒಲಿಂಪಿಕ್ಸ್ ರಷ್ಯಾದಲ್ಲೇ, ಸೋಚಿಯಲ್ಲಿ. ಅದಕ್ಕೆ ಕೆಲವೇ ತಿಂಗಳ ಮೊದಲು ಸ್ಮಿರ್ನೋವ್ ಮೊಣಕಾಲಿಗೆ ಪೆಟ್ಟಾಯಿತು, ಹೋಗಲಾಗಲಿಲ್ಲ. ಎರಡು ಸಲ ಯುರೋಪಿಯನ್ ಚಾಂಪಿಯನ್ ಆದರು ಅನ್ನುವುದು ನಿಜ, ಸಣ್ಣ ಸಾಧನೆಯಲ್ಲ. ಆದರೆ ಯಾವುದಕ್ಕಾಗಿ ಪಾಸ್‌ಪೋರ್ಟ್ ಬಿಟ್ಟಳೋ ಆ ಒಲಿಂಪಿಕ್ ಪದಕ ಕೈಗೆ ಬರಲಿಲ್ಲ. ಆಕೆ ಬಿಟ್ಟದ್ದು ದೊಡ್ಡವಳಾದ ಮೇಲೆ, ಸ್ವಂತ ಬುದ್ಧಿಯಿಂದ. ಹನ್ನೆರಡರ ಮಗುವಿನ ಪರವಾಗಿ ಇದನ್ನು ಅಪ್ಪ, ಅಮ್ಮ, ಮಾವ, ಅಜ್ಜ ತೀರ್ಮಾನ ಮಾಡುವುದಕ್ಕೂ ಅದಕ್ಕೂ ತುಂಬಾ ವ್ಯತ್ಯಾಸ ಉಂಟು.

ಹಾಗಾದರೆ ಈಗ ಎಂತ ಮಾಡುವುದು? ಅವಸರವೇ ಬೇಡ. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಜೂನಿಯರ್ ಸ್ಪರ್ಧೆಗೆ ಆ ವರ್ಷದ ಜುಲೈ 1ಕ್ಕೆ ಮೊದಲು 13 ತುಂಬಿರಬೇಕು. ಸೀನಿಯರ್‌ಗೆ 17. ಮೊದಲು 15 ಇತ್ತು, ಬೀಜಿಂಗ್‌ನಲ್ಲಿ 15ರ ಹುಡುಗಿ ಕಮಿಲಾ ವಲಿಯೆವಾ ಡೋಪಿಂಗ್ ಪ್ರಕರಣದಲ್ಲಿ ಸಿಕ್ಕಿಕೊಂಡು ಇಡೀ ಜಗತ್ತಿನ ಎದುರು ಕುಸಿದದ್ದನ್ನು ನೋಡಿದ ಮೇಲೆ 2022ರ ಜೂನ್‌ನಲ್ಲಿ ಒಕ್ಕೂಟ ಇದನ್ನು ಹಂತಹಂತವಾಗಿ ಏರಿಸಿತು. ಈ ಲೆಕ್ಕದಲ್ಲಿ 2014ರಲ್ಲಿ ಹುಟ್ಟಿದವಳಿಗೆ 2030ರ ಫ್ರೆಂಚ್ ಆಲ್ಪ್ಸ್ ಒಲಿಂಪಿಕ್ಸ್‌ಗೆ ವಯಸ್ಸೇ ಸಾಲದು. ಅವಳ ಕಾಲ 2034, ಅಮೆರಿಕದ ಯೂಟಾ. ಆಗ ಅವಳಿಗೆ ಇಪ್ಪತ್ತರ ಹತ್ತಿರ. ನಡುವೆ ಮೈ ಬೆಳೆಯುತ್ತದೆ, ಎತ್ತರ ಬದಲಾಗುತ್ತದೆ, ನಿನ್ನೆವರೆಗೆ ಸಲೀಸಾಗಿ ಬರುತ್ತಿದ್ದ ಜಂಪ್ ಬಾರದೆ ಹೋಗಬಹುದು, ಆಟದ ಮೇಲಿನ ಆಸೆಯೇ ಹೋಗಬಹುದು. ಕ್ಲಬ್ ಸ್ಪರ್ಧೆಗಳಲ್ಲಿ ಆಡಿದ್ದರಿಂದ ಯಾವ ದೇಶಕ್ಕೂ ಕಟ್ಟಿಬಿದ್ದ ಹಾಗಾಗುವುದಿಲ್ಲ. ಒಂದು ದೇಶದ ಪರ ಅಂತಾರಾಷ್ಟ್ರೀಯ ಸ್ಪರ್ಧೆಗೆ ಇಳಿದ ದಿನವೇ ಅವಳ ಹೆಸರು ಆ ದೇಶದ ಖಾತೆಗೆ ಸೇರುವುದು. ಅಲ್ಲಿಯವರೆಗೆ ಮಗು ಸುಮ್ನೆ ಸ್ಕೇಟ್ ಮಾಡಲಿ.

ಒಂದು ಕಷ್ಟವನ್ನು ಮಾತ್ರ ಮುಚ್ಚಿಡುವುದಿಲ್ಲ. ಭಾರತದ ಪರ ಆಡಿದರೆ ಖರ್ಚು ಹೆಚ್ಚುಕಮ್ಮಿ ಎಲ್ಲ ಮನೆಯವರದ್ದೇ. ಐಸ್‌ನ ಗಂಟೆ ಬಾಡಿಗೆ, ಕೋಚ್, ಬೂಟು, ಬ್ಲೇಡ್, ನೃತ್ಯ ಸಂಯೋಜನೆ, ವಿಮಾನ ಟಿಕೆಟ್. ಮತ್ತೆ ರಾಷ್ಟ್ರೀಯ ಚಾಂಪಿಯನ್ ಆದರೆ ಸಾಕಾಗುವುದಿಲ್ಲ, ಏಷ್ಯಾ, ಅಮೆರಿಕ, ಆಫ್ರಿಕ, ಓಷಿಯಾನಿಯದವರು ಆಡುವ ಫೋರ್ ಕಾಂಟಿನೆಂಟ್ಸ್ ಚಾಂಪಿಯನ್‌ಶಿಪ್‌ಗೆ ಹೋಗಬೇಕಾದರೂ ಒಕ್ಕೂಟ ನಿಗದಿ ಮಾಡಿದ ಕನಿಷ್ಠ ತಾಂತ್ರಿಕ ಅಂಕ ಗಳಿಸಿರಬೇಕು. ಜಾಗ ಖಾಲಿ ಉಂಟು ಅಂದರೆ ಪುಕ್ಕಟೆ ಸಿಗುತ್ತದೆ ಅಂತಲ್ಲ. ಅಣ್ಣ ಅತ್ತಿಗೆಗೆ ಈ ಖರ್ಚು ತಡೆಯುತ್ತದಾ ಅನ್ನುವ ಪ್ರಶ್ನೆಯೇ ಬಾವುಟದ ಪ್ರಶ್ನೆಗಿಂತ ಮೊದಲಿನದು. ಮತ್ತೆ ದಯವಿಟ್ಟು ಹುಡುಗಿಯನ್ನೂ ಕೇಳಿ. ನಿಮ್ಮ ಪತ್ರದಲ್ಲಿ ಎಲ್ಲರ ಅಭಿಪ್ರಾಯವೂ ಇತ್ತು, ಅವಳದ್ದು ಇರಲಿಲ್ಲ.

ಪ್ರಶ್ನೆ: ಹಳೆಯ ದೇಶದವರು ಬಿಡುವುದಿಲ್ಲ ಅಂದರೆ ಏನು ಮಾಡುವುದು? ದೇಶ ಬದಲಿಸಿದ ಕೂಡಲೇ ಆಡಬಹುದಾ?
– ಪದವಿ ವಿದ್ಯಾರ್ಥಿ, ಕುಂಬಳೆ

ಉತ್ತರ: ಕೂಡಲೇ ಆಗುವುದಿಲ್ಲ. ಕ್ರಿಕೆಟ್‌ನಲ್ಲಿ ರಾಜ್ಯ ಬದಲಿಸುವಾಗ ಎನ್‌ಒಸಿ ಬೇಕಲ್ವಾ, ಇಲ್ಲಿಯೂ ಅಂಥದ್ದೇ. ಹಳೆಯ ದೇಶದ ಫೆಡರೇಶನ್ ರಿಲೀಸ್ ಕೊಡಬೇಕು. ಆ ದೇಶದ ಪರ ಕೊನೆಯ ಸಲ ಆಡಿದ ಮೇಲೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಅಂತಾರಾಷ್ಟ್ರೀಯ ಸ್ಪರ್ಧೆ ಇಲ್ಲದೆ ಕೂರಬೇಕು. ಒಲಿಂಪಿಕ್ಸ್‌ಗಾದರೆ ಮೂರು ವರ್ಷದ ನಿಯಮ ಉಂಟು, ಎರಡೂ ದೇಶದ ಒಲಿಂಪಿಕ್ ಸಂಸ್ಥೆಗಳು ಮತ್ತು ಆಟದ ಒಕ್ಕೂಟ ಒಪ್ಪಿದರೆ ಅದನ್ನು ಕಡಿಮೆ ಮಾಡುತ್ತಾರೆ. ಹದಿನೆಂಟರ ಹುಡುಗಿಗೆ ಒಂದು ವರ್ಷ ಅಂದರೆ ಎಷ್ಟು ದೊಡ್ಡದು ಅಂತ ಯೋಚಿಸಿ. ಈ ಆಟದಲ್ಲಿ ಹುಡುಗಿಯರ ಒಳ್ಳೆಯ ಕಾಲವೇ ಆರೇಳು ವರ್ಷ.

ಇದಕ್ಕೆ ಉದಾಹರಣೆ ಜೋಡಿ ಸ್ಕೇಟಿಂಗ್‌ನ ಅಲ್ಯೋನಾ ಸಾವ್ಚೆಂಕೊ ಮತ್ತು ಬ್ರೂನೊ ಮಾಸೋ. ಆಕೆ ಉಕ್ರೇನಿನವಳು. 2002ರ ಒಲಿಂಪಿಕ್ಸ್‌ನಲ್ಲಿ ಉಕ್ರೇನ್ ಪರ ಆಡಿದ್ದಳು. ಆಮೇಲೆ ಜೊತೆಗಾರನನ್ನು ಹುಡುಕಿಕೊಂಡು ಜರ್ಮನಿಗೆ ಬಂದಳು, ರಾಬಿನ್ ಶೋಲ್ಕೊವಿ ಜೊತೆ 2010 ಮತ್ತು 2014ರಲ್ಲಿ ಕಂಚು. ಅವನು ನಿವೃತ್ತನಾದ ಮೇಲೆ 2014ರಲ್ಲಿ ಫ್ರಾನ್ಸಿನ ಮಾಸೋ ಜೊತೆ ಸೇರಿಕೊಂಡಳು. ಆಕೆಗೆ ಆಗಲೇ ಮೂವತ್ತು ವಯಸ್ಸು. ಫ್ರಾನ್ಸಿನ ಫೆಡರೇಶನ್ ಮಾಸೋನನ್ನು ಬಿಡಲು ಹಣ ಕೇಳಿತು, ಜಗ್ಗಾಟ ನಡೆಯಿತು, 2014-15ರ ಸೀಸನ್ ಇಡೀ ಇಬ್ಬರೂ ಸ್ಪರ್ಧೆ ಇಲ್ಲದೆ ಬರೀ ಅಭ್ಯಾಸ ಮಾಡಿದರು. ರಿಲೀಸ್ ಸಿಕ್ಕಿದ್ದು 2015ರ ಕೊನೆಗೆ. ಮಾಸೋಗೆ ಜರ್ಮನ್ ಪೌರತ್ವ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ, ಒಲಿಂಪಿಕ್ಸ್‌ಗೆ ಮೂರೇ ತಿಂಗಳಿರುವಾಗ, ಅದೂ ಜರ್ಮನ್ ಭಾಷೆಯ ಪರೀಕ್ಷೆಯಲ್ಲಿ ಒದ್ದಾಡಿ. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಮೊದಲ ದಿನ ಮಾಸೋ ಒಂದು ಜಂಪ್ ತಪ್ಪಿಸಿ ನಾಲ್ಕನೇ ಸ್ಥಾನಕ್ಕೆ ಇಳಿದರು. ಮರುದಿನ ಅವರು ಆಡಿದ ಫ್ರೀ ಸ್ಕೇಟ್‌ಗೆ 159.31 ಅಂಕ, ಆಗಿನ ವಿಶ್ವ ದಾಖಲೆ, ಚಿನ್ನ. ಅವಕಾಶ ಸಿಕ್ಕಿದರೆ ಆ ಆಟದ ವಿಡಿಯೊ ನೋಡಿ. ನಾನು ನೋಡಿದ ಸ್ಕೇಟಿಂಗ್‌ನಲ್ಲಿ ಅದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಜೋಡಿಗಳಿಗೆ ಇನ್ನೊಂದು ತೊಡಕು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಬ್ಬರಲ್ಲಿ ಒಬ್ಬರು ಆ ದೇಶದ ಪೌರರಾದರೆ ನಡೆಯುತ್ತದೆ. ಒಲಿಂಪಿಕ್ಸ್‌ಗೆ ಇಬ್ಬರಿಗೂ ಪಾಸ್‌ಪೋರ್ಟ್ ಬೇಕು. ಕೆನಡಾದಲ್ಲಿ ಹುಟ್ಟಿದ ಟಾನಿತ್ ಬೆಲ್ಬಿನ್ 2005ರಲ್ಲಿ ಅಮೆರಿಕದ ಪರ ಐಸ್ ಡ್ಯಾನ್ಸ್‌ನಲ್ಲಿ ವಿಶ್ವ ಬೆಳ್ಳಿ ಗೆದ್ದಾಗ ಅಮೆರಿಕದ ಪೌರಳಲ್ಲ. ಅಲ್ಲಿನ ಸಂಸತ್ತು ಕಾನೂನು ಮಾಡಿ, ಆಕೆ ಪ್ರಮಾಣವಚನ ತೆಗೆದುಕೊಂಡದ್ದು 2005ರ ಡಿಸೆಂಬರ್ 31ಕ್ಕೆ. ಫೆಬ್ರವರಿಯಲ್ಲಿ ಟುರಿನ್‌ನಲ್ಲಿ ಒಲಿಂಪಿಕ್ ಬೆಳ್ಳಿ. ಎಲ್ಲರಿಗೂ ಹೀಗೆ ಸಂಸತ್ತು ಎದ್ದು ನಿಲ್ಲುವುದಿಲ್ಲ. ಲಾರೆನ್ಸ್ ಫೂರ್ನಿಯೆ ಬೋದ್ರಿ ಅನ್ನುವ ಕೆನಡಾದ ಆಟಗಾರ್ತಿ ಡೆನ್ಮಾರ್ಕ್‌ನವನ ಜೊತೆ ಡೆನ್ಮಾರ್ಕ್ ಪರ ವರ್ಷಗಟ್ಟಲೆ ಆಡಿದಳು. ಅಲ್ಲಿನ ಪೌರತ್ವ ಸಿಗದೆ 2018ರ ಒಲಿಂಪಿಕ್ಸ್ ತಪ್ಪಿತು. ಪ್ರತಿಭೆಯಲ್ಲಿ ಇವರಿಬ್ಬರ ನಡುವೆ ದೊಡ್ಡ ಅಂತರ ನನಗೆ ಕಾಣುವುದಿಲ್ಲ. ಅಂತರ ಇದ್ದದ್ದು ಸರ್ಕಾರಿ ಕಡತದಲ್ಲಿ.

ಪ್ರಶ್ನೆ: ರಷ್ಯಾದವರು ಈಗ ಎಲ್ಲಾ ದೇಶದ ಹೆಸರಲ್ಲೂ ಕಾಣಿಸುತ್ತಾರೆ. ಯುದ್ಧದಿಂದಲಾ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಯುದ್ಧ ಒಂದು ಕಾರಣ ಸರ್. 2022ರ ಮಾರ್ಚ್‌ನಲ್ಲಿ ರಷ್ಯಾ, ಬೆಲಾರೂಸ್‌ನ ಸ್ಕೇಟರ್‌ಗಳಿಗೆ ಒಕ್ಕೂಟ ಬಾಗಿಲು ಮುಚ್ಚಿತು. 2026ರ ಒಲಿಂಪಿಕ್ಸ್‌ಗೆ ತಟಸ್ಥ ಸ್ಪರ್ಧಿಗಳು ಅಂತ ಹೇಳಿ ರಷ್ಯಾದ ಒಬ್ಬ ಹುಡುಗ, ಒಬ್ಬ ಹುಡುಗಿಗೆ ಸಿಂಗಲ್ಸ್‌ನಲ್ಲಿ ಅವಕಾಶ ಕೊಟ್ಟರು. ಉಳಿದವರು ದೇಶದೊಳಗೇ ಆಡಿಕೊಂಡಿರಬೇಕಿತ್ತು ಇಲ್ಲವೇ ಬೇರೆ ದೇಶ ನೋಡಬೇಕಿತ್ತು. ಸೋಫಿಯಾ ಸಮೊಡೆಲ್ಕಿನಾ ಅನ್ನುವ 2007ರಲ್ಲಿ ಹುಟ್ಟಿದ ಹುಡುಗಿ ಹೀಗೆ ಕಜಾಕಿಸ್ತಾನದ ಪರ ಆಡಲು ಹೋದಳು. ಆದರೆ ಯುದ್ಧಕ್ಕೆ ಮೊದಲೂ ಇದು ಇತ್ತು, ಗುಬಾನೊವಾ ಹೋದದ್ದು ಅದಕ್ಕೆ ಮೊದಲೇ. ಮಾಸ್ಕೋದಲ್ಲಿ ಹುಟ್ಟಿದ ಎಕತೆರಿನಾ ಕುರಾಕೊವಾ ಪೋಲೆಂಡಿನ ಪರ ಆಡಲು ಶುರು ಮಾಡಿದ್ದೂ ಅದಕ್ಕೆ ಮೊದಲೇ. ಕಲಿಸುವವರು ಜಾಸ್ತಿ, ಜಾಗ ಮೂರೇ. ಅಲ್ಲಿಂದಲೇ ಎಲ್ಲ ಶುರು.

ಪ್ರಶ್ನೆ: ನೀವು ಏನೇ ಹೇಳಿ, ಹುಟ್ಟಿದ ದೇಶ ಬಿಟ್ಟು ಇನ್ನೊಂದರ ಪರ ಆಡುವುದು ನನಗೆ ಸರಿ ಕಾಣುವುದಿಲ್ಲ. ನಿಷ್ಠೆ ಅಂತ ಒಂದು ಇರಬೇಕಲ್ಲ?
– ಓದುಗ, ಉಪ್ಪಳ

ಉತ್ತರ: ನಿಮ್ಮ ಭಾವನೆ ಅರ್ಥವಾಗುತ್ತದೆ. ಆದರೆ 2025ರ ಫೆಬ್ರವರಿ ನೆನಪು ಮಾಡಿಕೊಳ್ಳಿ. ಕೇರಳ ರಣಜಿ ಸೆಮಿಫೈನಲ್‌ನಲ್ಲಿ ಗುಜರಾತ್ ಎದುರು ಆಡುತ್ತಿತ್ತು. ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಔಟಾಗದೆ 177 ಹೊಡೆದರು. ಕಾಸರಗೋಡಿನ ಅಂಗಡಿ ಅಂಗಡಿಯಲ್ಲೂ ಮೊಬೈಲ್ ತೆರೆದಿಟ್ಟು ನೋಡಿದವರಿದ್ದರು. ಕೊನೆಗೆ ಎರಡೇ ರನ್ನಿನ ಮುನ್ನಡೆ. ಗುಜರಾತಿನ ಕೊನೆಯ ವಿಕೆಟ್, ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ಬಡಿದು ಮೇಲೆ ಹಾರಿದ ಚೆಂಡು ಸಚಿನ್ ಬೇಬಿ ಕೈಗೆ ಬಿದ್ದದ್ದು, ಯಾರ ಬೌಲಿಂಗ್‌ನಲ್ಲಿ? ಆದಿತ್ಯ ಸರ್ವಟೆ. ಅವರು ಅದೇ ಸೀಸನ್‌ಗೆ ವಿದರ್ಭ ಬಿಟ್ಟು ಕೇರಳಕ್ಕೆ ಬಂದವರು. ಫೈನಲ್‌ನಲ್ಲಿ ಎದುರಾಳಿ ಅದೇ ವಿದರ್ಭ. ಆಟ ಡ್ರಾ ಆದರೂ ಅಲ್ಲಿ ನಮ್ಮ ಕೈಯಿಂದ ಕಪ್ ತಪ್ಪಿಸಿದ್ದು 86 ಮತ್ತು 135 ಹೊಡೆದ ಕರುಣ್ ನಾಯರ್, ಅವರು ಕರ್ನಾಟಕದಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದವರು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಆಟಗಾರ ರಾಜ್ಯ ಬಿಟ್ಟು ಹೋಗಬೇಕಾಯಿತು. ಆಮೇಲೆ ಕರ್ನಾಟಕ ಅವರನ್ನು ವಾಪಸ್ ಕರೆದುಕೊಂಡಿತು. ಸರ್ವಟೆಯನ್ನಾಗಲಿ ಕರುಣ್‌ನನ್ನಾಗಲಿ ಯಾರೂ ದ್ರೋಹಿ ಅನ್ನಲಿಲ್ಲ.

ರಾಜ್ಯ ಬೇರೆ, ದೇಶ ಬೇರೆ ಅಂತ ನೀವು ಹೇಳಬಹುದು, ಒಪ್ಪುತ್ತೇನೆ. ಆದರೆ ಬೇರೆ ದೇಶದವರು ನಮ್ಮ ಪರ ಆಡಲು ಬಂದಾಗ ನಾವು ಕೈಬೀಸಿ ಕರೆಯುತ್ತೇವೆ. ಜಪಾನಿನಲ್ಲಿ ಹುಟ್ಟಿದ ಅರಾಟಾ ಇಜುಮಿ ಅಲ್ಲಿನ ಪೌರತ್ವ ಬಿಟ್ಟು ಭಾರತದ ಫುಟ್‌ಬಾಲ್ ತಂಡಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ನಮ್ಮದನ್ನು ತೆಗೆದುಕೊಂಡರು. ಬಂದವರನ್ನು ಹೊಗಳಿ ಹೋದವರನ್ನು ಬೈಯುವುದು ನ್ಯಾಯ ಅಲ್ಲ.

ಬೈದರೆ ಏನಾಗುತ್ತದೆ ಅಂತಲೂ ಹೇಳಬೇಕು. ಝು ಯಿ ಅನ್ನುವ ಫಿಗರ್ ಸ್ಕೇಟರ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದವಳು, 2018ರಲ್ಲಿ ಅಮೆರಿಕದ ನೋವಿಸ್ (ಜೂನಿಯರ್‌ಗಿಂತ ಕೆಳಗಿನ ವರ್ಗ) ಚಾಂಪಿಯನ್. ಅದೇ ವರ್ಷ ಚೀನಾದ ಪರ ಆಡುವ ತೀರ್ಮಾನ ಮಾಡಿದಳು, ಹೆಸರನ್ನೂ ಬೆವರ್ಲಿಯಿಂದ ಯಿ ಅಂತ ಮಾಡಿಕೊಂಡಳು. 2022ರ ಬೀಜಿಂಗ್ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ ಬಿದ್ದಳು, ಕೊನೆಯ ಸ್ಥಾನ. ಕೆಲವೇ ಗಂಟೆಗಳಲ್ಲಿ ಚೀನಾದ ಜಾಲತಾಣ ವೇಯ್ಬೊದಲ್ಲಿ 'ಝು ಯಿ ಬಿದ್ದಳು' ಅನ್ನುವ ಹ್ಯಾಶ್‌ಟ್ಯಾಗ್ ಕೋಟಿಗಟ್ಟಲೆ ಜನ ನೋಡಿದರು. ಚೈನೀಸ್ ಸರಿಯಾಗಿ ಬರುವುದಿಲ್ಲ, ಇಲ್ಲಿನ ಹುಡುಗಿಯ ಜಾಗ ಕಿತ್ತುಕೊಂಡಳು ಅಂತ ಬೈಗುಳದ ಸುರಿಮಳೆ. ಮುಂದಿನ ದಿನವೂ ಅವಳು ಆಡಬೇಕಿತ್ತು, ಆಡಿದಳು, ಮತ್ತೆ ಬಿದ್ದಳು, ಐಸ್ ಮೇಲೆಯೇ ಅತ್ತಳು. ಆಗ ಅವಳಿಗೆ 19. ಆ ದೃಶ್ಯ ನೋಡಿದ ಮೇಲೆ ನಿಷ್ಠೆಯ ಹೆಸರಲ್ಲಿ ಯಾವ ಮಗುವನ್ನೂ ಬೈಯಲು ನನಗೆ ಬಾಯಿ ಬರುವುದಿಲ್ಲ. ನಿಮಗೂ ಬಾರದಿರಲಿ ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಮಗ ತಲಪಾಡಿ ದಾಟಿ ಮಂಗಳೂರಿನಲ್ಲಿ ರೋಲರ್ ಸ್ಕೇಟಿಂಗ್ ಕಲಿಯುತ್ತಾನೆ, ಶಾಲೆ ಇಲ್ಲಿ ಕೇರಳದಲ್ಲಿ. ಅವನು ಯಾವ ರಾಜ್ಯದ ಪರ ಆಡಬೇಕು? ಮತ್ತೆ ರೋಲರ್ ಕಲಿತವರು ಐಸ್‌ಗೆ ಹೋಗಬಹುದಾ?
– ಒಬ್ಬ ತಾಯಿ, ಮಂಜೇಶ್ವರ

ಉತ್ತರ: ಶಾಲಾ ಕ್ರೀಡಾಕೂಟಗಳಲ್ಲಿ ಮಗು ಓದುವ ಶಾಲೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯ. ಅಂದರೆ ಕೇರಳ. ರೋಲರ್ ಸ್ಕೇಟಿಂಗ್ ಸಂಸ್ಥೆಯ ಸ್ಪರ್ಧೆಗಳಿಗೆ ಬೇರೆಯೇ ನೋಂದಣಿ ಉಂಟು. ಕೋಚ್ ಹೇಳಿದರು ಅಂತ ಮಂಗಳೂರಿನಲ್ಲಿ ಒಂದು, ಕಾಸರಗೋಡಿನಲ್ಲಿ ಒಂದು ಅಂತ ಎರಡೂ ಕಡೆ ಹೆಸರು ಬರೆಸಬೇಡಿ. ಪದಕ ಗೆದ್ದ ಮೇಲೆ ಯಾರಾದರೂ ಎತ್ತಿ ಹೇಳಿದರೆ ಮಗುವಿನ ಶ್ರಮ ನೀರುಪಾಲು. ಮೊದಲ ಸಲ ಹೆಸರು ಕೊಡುವ ಮೊದಲೇ ಎರಡೂ ಜಿಲ್ಲೆಯ ಸಂಸ್ಥೆಯವರ ಹತ್ತಿರ ಹೋಗಿ, ವಿಳಾಸದ ದಾಖಲೆ ಯಾವುದು ಕೇಳುತ್ತಾರೆ, ಮುಂದೆ ಬದಲಿಸುವುದಾದರೆ ಎನ್‌ಒಸಿ ಹೇಗೆ ಅಂತ ಕೇಳಿ, ಬರೆದುಕೊಂಡು ಬನ್ನಿ. ಕಲಿಯುವುದು ಮಂಗಳೂರಿನಲ್ಲಿ, ಆಡುವುದು ಕೇರಳಕ್ಕೆ ಅಂತಾದರೆ ಅದರಲ್ಲಿ ತಪ್ಪೇನೂ ಇಲ್ಲ.

ಐಸ್‌ಗೆ ಹೋಗಬಹುದು, ವೇಗದ ಸ್ಪರ್ಧೆಯಾದರೆ ತುಂಬಾ ಜನ ಹೋಗಿದ್ದಾರೆ. ಅಮೆರಿಕದ ಎರಿನ್ ಜಾಕ್ಸನ್, ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ ಇಬ್ಬರೂ ಇನ್‌ಲೈನ್ ಸ್ಕೇಟಿಂಗ್‌ನಿಂದ ಬಂದು 2022ರಲ್ಲಿ ಐಸ್ ಮೇಲೆ ಒಲಿಂಪಿಕ್ ಚಿನ್ನ ಗೆದ್ದವರು. ತಳ್ಳುವ ಕಾಲಿನ ಬಲ, ಬಗ್ಗಿ ತಿರುಗುವ ರೀತಿ ಎರಡರಲ್ಲೂ ಹತ್ತಿರ. ಫಿಗರ್ ಸ್ಕೇಟಿಂಗ್ ಅಷ್ಟು ಸುಲಭ ಅಲ್ಲ. ಐಸ್‌ನ ಬ್ಲೇಡಿನ ತಳ ನಡುವೆ ತುಸು ತಗ್ಗಾಗಿ, ಎರಡು ಬದಿಗೂ ಒಂದೊಂದು ಅಂಚು ಇರುತ್ತದೆ. ಎಲ್ಲ ಜಂಪೂ ಒಳ ಅಂಚಿನಿಂದ ಇಲ್ಲವೇ ಹೊರ ಅಂಚಿನಿಂದಲೇ ಏಳುವುದು. ಮುಂಭಾಗದಲ್ಲಿ ಹಲ್ಲಿನ ಹಾಗಿರುವ ಟೋ ಪಿಕ್ ಬೇರೆ. ಚಕ್ರದ ಮೇಲೆ ಕಲಿತ ಕಾಲಿಗೆ ಇದನ್ನು ಮತ್ತೆ ಕಲಿಸಬೇಕಾಗುತ್ತದೆ.

ಆದರೆ ಐಸ್‌ಗೆ ಹೋದರೆ ಮಾತ್ರ ದೊಡ್ಡ ಆಟ ಅಂತ ತಿಳಿಯಬೇಡಿ ಅಮ್ಮ. ಹೈದರಾಬಾದಿನ ಅನೂಪ್ ಕುಮಾರ್ ಯಾಮ ರೋಲರ್ ಮೇಲೆಯೇ ಫಿಗರ್‌ನಂಥ ಆರ್ಟಿಸ್ಟಿಕ್ ಸ್ಕೇಟಿಂಗ್ ಆಡಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಕಂಚು ತಂದರು, ಅರ್ಜುನ ಪ್ರಶಸ್ತಿಯೂ ಬಂತು. ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದಲ್ಲಿ ರೋಲರ್ ಸ್ಪೀಡ್ ಸ್ಕೇಟಿಂಗ್ ವಿಶ್ವ ಚಾಂಪಿಯನ್ ಆದರು, 1,000 ಮೀಟರ್‌ನಲ್ಲಿ ಚಿನ್ನ, 42 ಕಿಲೋಮೀಟರ್ ಮ್ಯಾರಥಾನ್‌ನಲ್ಲೂ ಚಿನ್ನ. ಯಾವ ಪಾಸ್‌ಪೋರ್ಟನ್ನೂ ಬದಲಿಸದೆ.

ಪ್ರಶ್ನೆ: ನನಗೆ 14 ವರ್ಷ. ಫಿಗರ್ ಸ್ಕೇಟಿಂಗ್ ವಿಡಿಯೊ ನೋಡಿ ನೋಡಿ ಹುಚ್ಚು ಹಿಡಿದಿದೆ. ನಮ್ಮ ಹತ್ತಿರ ಐಸ್ ಎಲ್ಲೂ ಇಲ್ಲ. ನಾನು ಏನು ಮಾಡಲಿ?
– ಒಂಬತ್ತನೇ ತರಗತಿ, ಮುಳ್ಳೇರಿಯ

ಉತ್ತರ: ಪುಟ್ಟಿ, ನಿನಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ದೊಡ್ಡ ಸ್ಪರ್ಧೆಗೆ ಹೋಗುವವರು ಐದಾರು ವರ್ಷಕ್ಕೇ ಐಸ್ ಮೇಲೆ ಇಳಿದಿರುತ್ತಾರೆ. ಒಲಿಂಪಿಕ್ಸ್ ಕಷ್ಟ. ಆದರೆ ಆಟ ಕಲಿಯುವುದಕ್ಕೆ ವಯಸ್ಸು ದಾಟಿಲ್ಲ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಒಳಾಂಗಣ ರಿಂಕ್ ಉಂಟು, ವರ್ಷಗಟ್ಟಲೆ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆಯಿತು. ಶಿಮ್ಲಾದಲ್ಲಿ 1920ರಿಂದಲೂ ಬಯಲಲ್ಲೇ ನೀರು ಹೆಪ್ಪುಗಟ್ಟಿಸಿ ಚಳಿಗಾಲದಲ್ಲಿ ಸ್ಕೇಟ್ ಮಾಡುತ್ತಾರೆ. ಎರಡೂ ನಮಗೆ ದೂರವೇ. ಅಲ್ಲಿಯವರೆಗೆ ರೋಲರ್ ಸ್ಕೇಟಿಂಗ್ ಶುರು ಮಾಡು, ಜೊತೆಗೆ ಭರತನಾಟ್ಯವೋ ಜಿಮ್ನಾಸ್ಟಿಕ್ಸೋ ಏನಾದರೂ ಒಂದು ಕಲಿ, ಮೈಗೆ ತಾಳ, ಸಮತೋಲ ಎರಡೂ ಬರುತ್ತದೆ. ವಿಡಿಯೊ ನೋಡುವಾಗ ಜಂಪ್‌ಗಳ ಹೆಸರು ಗುರುತಿಸಲು ಕಲಿ. ಆಕ್ಸೆಲ್ ಒಂದನ್ನು ಮಾತ್ರ ಮುಂದಕ್ಕೆ ಮುಖ ಮಾಡಿ ಹಾರುವುದು, ಅದಕ್ಕೇ ಅದರಲ್ಲಿ ಅರ್ಧ ಸುತ್ತು ಜಾಸ್ತಿ. ಉಳಿದ ಐದನ್ನೂ ಹಿಂದಕ್ಕೆ ಜಾರುತ್ತಾ ಹಾರುತ್ತಾರೆ. ಆ ಐದರಲ್ಲಿ ಮೂರಕ್ಕೆ ಟೋ ಪಿಕ್ ಊರುತ್ತಾರೆ, ಎರಡಕ್ಕೆ ಇಲ್ಲ. ಯಾವ ಮೂರು, ಯಾವ ಎರಡು ಅಂತ ನೀನೇ ನೋಡಿ ಕಂಡುಹಿಡಿದು ಮುಂದಿನ ಸಲ ನನಗೆ ಬರೆ.